ಡೀಸೆಲ್ ಪಿಕಪ್ಪಿಗೆ ಯಾವ ಇಂಜಿನ್ ಆಯಿಲ್?



ಹುಕ್ಕೇರಿ ತಾಲೂಕಿನ ದಡ್ಡಿ ಕಬ್ಬಿನ ಸೀಮೆ. ನಮ್ಮದು ಕಾಫಿ, ಅಡಿಕೆಯ ಸೀಮೆ. ಆದರೆ ಪಿಕಪ್ ವಾಹನ ಎರಡೂ ಕಡೆ ಒಂದೇ. ದಡ್ಡಿಯಲ್ಲಿ ಬೀಗತನವಿರುವ ನಮ್ಮ ಸದಸ್ಯರೊಬ್ಬರು ಅಲ್ಲಿಂದ ಒಂದು ಪ್ರಶ್ನೆ ತಂದಿದ್ದಾರೆ: “ಟ್ರ್ಯಾಕ್ಟರಿಗೆ ತಂದ ಆಯಿಲ್ ಡಬ್ಬಿ ಮನ್ಯಾಗ ಐತಿ. ಅದನ್ನ ಹೊಸಾ ಪಿಕಪ್ಪಿಗೆ ಹಾಕಿದ್ರ ಏನಾಕ್ಕೈತ್ರಿ?” ನಮ್ಮ ತೋಟಗಳ ಚಾಲಕರೂ ಇದನ್ನೇ ಕೇಳುವುದುಂಟು. ಆದುದರಿಂದ ಎಲ್ಲರಿಗೂ ಉಪಯೋಗವಾಗಲೆಂದು ಇಲ್ಲಿ ವಿವರಿಸುತ್ತಿದ್ದೇವೆ.

ಡಬ್ಬಿಯ ಮೇಲಿನ ಎರಡು ಗುರುತುಗಳು

ಅಂಗಡಿಯಲ್ಲಿ ನಾವು ಸಾಮಾನ್ಯವಾಗಿ ಕಂಪನಿಯ ಹೆಸರನ್ನೂ ಬೆಲೆಯನ್ನೂ ನೋಡುತ್ತೇವೆ. ನೋಡಬೇಕಾದುದು ಬೇರೆ ಎರಡು ಗುರುತುಗಳನ್ನು.

ಮೊದಲನೆಯದು ಮಂದತೆ. 15ಡಬ್ಲ್ಯು-40 ಎಂಬಲ್ಲಿ ಡಬ್ಲ್ಯು ಎಂದರೆ ಚಳಿಗಾಲ. ಅದರ ಹಿಂದಿನ ಅಂಕಿ ಕಡಿಮೆಯಾದಷ್ಟೂ ಚಳಿಯಲ್ಲಿ ಆಯಿಲ್ ಸುಲಭವಾಗಿ ಹರಿಯುತ್ತದೆ. ಕೊನೆಯ ಅಂಕಿ, ಇಂಜಿನ್ ಕಾದಾಗ, ಅಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಆಯಿಲ್ ಎಷ್ಟು ಮಂದವಾಗಿರುತ್ತದೆಂಬುದನ್ನು ತಿಳಿಸುತ್ತದೆ. 40 ಎಂಬುದು 30ಕ್ಕಿಂತ ಮಂದ. “ಭಾರ ಹೇರುವ ಗಾಡಿಗೆ ಮಂದ ಆಯಿಲೇ ಒಳ್ಳೆಯದು” ಎಂಬ ಮಾತು ಎಲ್ಲ ಇಂಜಿನ್‌ಗಳಿಗೂ ಹೊಂದುವುದಿಲ್ಲ. 5ಡಬ್ಲ್ಯು-30 ಬಳಸಲೆಂದೇ ರಚಿಸಿದ ಇಂಜಿನ್ನಿಗೆ ಅದನ್ನೇ ಹಾಕಬೇಕು.

ಎರಡನೆಯದು ದರ್ಜೆ. ಡೀಸೆಲ್ ಆಯಿಲ್‌ಗೆ ಅಮೆರಿಕದ ಎಪಿಐ ಸಂಸ್ಥೆ ಸಿಎಚ್-4, ಸಿಐ-4, ಸಿಜೆ-4, ಸಿಕೆ-4 ಎಂದು ದರ್ಜೆ ಕೊಟ್ಟಿದೆ. ಇವುಗಳಲ್ಲಿ ಸಿಕೆ-4 ಹೊಸದು. 2016ರ ಡಿಸೆಂಬರ್‌ನಿಂದ ಬಳಕೆಗೆ ಬಂದಿತು. ಯುರೋಪಿನ ಎಸಿಇಎ ಕ್ರಮದಲ್ಲಿ ಸಿ2, ಸಿ3 ಮುಂತಾದ ದರ್ಜೆಗಳಿವೆ.

ಬೂದಿಯ ಪ್ರಶ್ನೆ

2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್-6 ನಿಯಮ ಜಾರಿಗೆ ಬಂದಿತು. ಆನಂತರದ ಅನೇಕ ಡೀಸೆಲ್ ವಾಹನಗಳ ಹೊಗೆ ಕೊಳವೆಯಲ್ಲಿ ಡಿಪಿಎಫ್ ಎಂಬ ಶೋಧಕವಿದೆ. ಅದು ಹೊಗೆಯ ಮಸಿಯನ್ನು ಹಿಡಿದಿಟ್ಟು, ಆಗಾಗ ತಾನೇ ಕಾದು ಸುಟ್ಟುಹಾಕುತ್ತದೆ.

ಇಂಜಿನ್ ಆಯಿಲ್‌ನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತುವಿನ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ಸ್ವಲ್ಪ ಆಯಿಲ್ ಇಂಜಿನ್ನಿನಲ್ಲಿ ಸುಟ್ಟೇ ಸುಡುತ್ತದೆ. ಆಗ ಈ ಲೋಹಗಳು ಬೂದಿಯಾಗಿ ಶೋಧಕದಲ್ಲಿ ಕೂಡುತ್ತವೆ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಆದುದರಿಂದಲೇ ಸಿಕೆ-4ರಲ್ಲಿ ಬೂದಿಯ ಅಂಶ ಶೇಕಡಾ 1ನ್ನು, ಸಿ2 ಮತ್ತು ಸಿ3ರಲ್ಲಿ ಶೇಕಡಾ 0.8ನ್ನು ಮೀರಬಾರದೆಂದು ಮಿತಿಯಿದೆ. ಹಳೆಯ ದರ್ಜೆಯ ಅನೇಕ ಆಯಿಲ್‌ಗಳಲ್ಲಿ ಇದು ಹೆಚ್ಚು. ಅಂಥದನ್ನು ಹಾಕಿದ ದಿನವೇ ಗಾಡಿ ನಿಲ್ಲುವುದಿಲ್ಲ. ಶೋಧಕ ಮೆಲ್ಲಗೆ ಕಟ್ಟಿಕೊಳ್ಳುತ್ತದೆ. ಎಳೆತ ಕುಗ್ಗುತ್ತದೆ, ಡೀಸೆಲ್ ಹೆಚ್ಚು ಖರ್ಚಾಗುತ್ತದೆ. ಕೊನೆಗೆ ಶೋಧಕವನ್ನೇ ಬದಲಿಸಬೇಕಾದರೆ, ಆಯಿಲ್‌ನಲ್ಲಿ ಉಳಿಸಿದ ಹಣದ ಎಷ್ಟೋ ಪಟ್ಟು ತೆರಬೇಕಾಗುತ್ತದೆ.

ದಡ್ಡಿಯವರಿಗೆ ನಮ್ಮ ಉತ್ತರ

ಹಳೆಯ ದರ್ಜೆಯ ಟ್ರ್ಯಾಕ್ಟರ್ ಆಯಿಲನ್ನು ಬಿಎಸ್-6 ಪಿಕಪ್ಪಿಗೆ ಹಾಕಬೇಡಿ. ಗಾಡಿಯೊಡನೆ ಬಂದ ಕೈಪಿಡಿಯಲ್ಲಿ ಬರೆದಿರುವ ಮಂದತೆ, ದರ್ಜೆ ಎರಡೂ ಡಬ್ಬಿಯ ಮೇಲಿರುವುದನ್ನೇ ಕೊಳ್ಳಿರಿ. ಟ್ರ್ಯಾಕ್ಟರಿನ ಗೇರ್ ಪೆಟ್ಟಿಗೆ, ಹೈಡ್ರಾಲಿಕ್ ಇವುಗಳ ಆಯಿಲನ್ನಂತೂ ಯಾವ ಇಂಜಿನ್ನಿಗೂ ಹಾಕಕೂಡದು.

ಮನೆಯಲ್ಲಿ ಒಂದೇ ಡಬ್ಬಿ ಇಡಬೇಕೆನ್ನುವವರಿಗೂ ದಾರಿಯುಂಟು. ಸಿಕೆ-4 ಆಯಿಲನ್ನು ಸಿಎಚ್-4, ಸಿಐ-4 ಕೇಳುವ ಹಳೆಯ ಇಂಜಿನ್ನಿಗೆ ಹಾಕಬಹುದು. ಎರಡೂ ಗಾಡಿಗಳ ಕೈಪಿಡಿ 15ಡಬ್ಲ್ಯು-40 ಸಿಕೆ-4ನ್ನು ಒಪ್ಪಿದರೆ ಒಂದೇ ಡಬ್ಬಿ ಸಾಕು. ಹೊಸ ದರ್ಜೆ ಹಳೆಯ ಇಂಜಿನ್ನಿಗೆ ಆದೀತು. ಹಳೆಯ ದರ್ಜೆ ಹೊಸ ಇಂಜಿನ್ನಿಗೆ ಆಗದು.

ಬಳಸುವಾಗ ಗಮನಿಸಬೇಕಾದುದು

ದಡ್ಡಿಯ ಗಾಡಿ ಹೆದ್ದಾರಿ ಹಿಡಿದು ಬೆಳಗಾವಿಗೆ ಹೋಗಿಬರುವಾಗ ಶೋಧಕ ಚೆನ್ನಾಗಿ ಕಾಯಲು ಅವಕಾಶವಿದೆ. ನಮ್ಮ ಗಾಡಿಗಳು ತೋಟದಿಂದ ಕಣಕ್ಕೆ, ಕಣದಿಂದ ಗೋದಾಮಿಗೆ ಎರಡು ಮೂರು ಮೈಲಿ ಓಡಿ ನಿಲ್ಲುತ್ತವೆ. ಮಸಿ ಸುಡುವ ಕೆಲಸ ಅರ್ಧಕ್ಕೇ ನಿಂತು, ಅದಕ್ಕೆಂದು ಹೆಚ್ಚಾಗಿ ಚಿಮ್ಮಿದ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಸಮತಟ್ಟಾದ ಜಾಗದಲ್ಲಿ ಇಂಜಿನ್ ನಿಲ್ಲಿಸಿ, ಕೆಲವು ನಿಮಿಷ ಬಿಟ್ಟು ಅಳತೆ ಕಡ್ಡಿ ನೋಡಿರಿ. ಮಟ್ಟ ಇಳಿದರೆ ಹೇಗೋ ಹಾಗೆಯೇ ಮೇಲಿನ ಗೆರೆ ದಾಟಿ ಏರಿದರೂ ಅಪಾಯ. ಕೂಡಲೇ ಮೆಕ್ಯಾನಿಕ್‌ಗೆ ತೋರಿಸಿರಿ. ಡೀಸೆಲ್ ಇಂಜಿನ್ನಿನಲ್ಲಿ ಆಯಿಲ್ ಬೇಗ ಕಪ್ಪಾಗುವುದು ಸಹಜ. ಅದರಿಂದಲೇ ಕೆಟ್ಟಿತೆಂದು ತಿಳಿಯಬೇಕಾಗಿಲ್ಲ.

ಆಯಿಲ್ ಬದಲಿಸಲು ಕಿಲೋಮೀಟರ್ ಮತ್ತು ತಿಂಗಳು, ಇವೆರಡರಲ್ಲಿ ಯಾವುದು ಮೊದಲೋ ಅದೇ ಗಡುವು. ಧೂಳಿನ ದಾರಿಗೂ ಸಣ್ಣ ಓಟಕ್ಕೂ ಕೈಪಿಡಿ ಬೇರೆ ಗಡುವು ಹೇಳಿದ್ದರೆ ಅದನ್ನೇ ಪಾಲಿಸಿರಿ. ಆಯಿಲ್ ಫಿಲ್ಟರನ್ನೂ ಜೊತೆಗೇ ಬದಲಿಸಿರಿ. ತೆಗೆದ ಹಳೆಯ ಆಯಿಲನ್ನು ಹಳ್ಳಕ್ಕಾಗಲಿ ಘಟಪ್ರಭೆಗಾಗಲಿ ಸುರಿಯದೆ, ಡಬ್ಬಿಯಲ್ಲಿ ತುಂಬಿಸಿ, ಪರವಾನಗಿ ಪಡೆದು ಸಂಗ್ರಹಿಸುವವರಿಗೆ ಕೊಡಿರಿ.

ಮುಂದಿನ ಸಲ ಆಯಿಲ್ ಕೊಳ್ಳುವಾಗ ಗಾಡಿಯ ಕೈಪಿಡಿಯನ್ನು ಅಂಗಡಿಗೆ ಒಯ್ಯಬೇಕೆಂದು ಸದಸ್ಯರಲ್ಲಿ ವಿನಂತಿ.

— ಕಾರ್ಯದರ್ಶಿ