ದೇವರ ಪಾಲುಗಾರನಾದ ಮನುಷ್ಯನು



ಕೋಪಿಷ್ಠನಾದ ಒಬ್ಬನಿಗೆ ಬುದ್ಧಿ ಹೇಳಹೋದರೆ, "ಇದು ನನ್ನ ಹುಟ್ಟುಗುಣ, ದೇವರು ನನ್ನನ್ನು ಹೀಗೆಯೇ ಮಾಡಿದ್ದಾನೆ, ನಾನೇನು ಮಾಡಲಿ?" ಎಂದು ಹೇಳುವದುಂಟು. ಮತ್ತೊಬ್ಬನು, "ನನ್ನನ್ನು ನಾನೇ ತಿದ್ದಿಕೊಂಡೆನು" ಎಂದು ಹೆಚ್ಚಳಪಡುವದುಂಟು. ಮೊದಲನೆಯವನು ತನ್ನ ಕೆಲಸವನ್ನು ದೇವರ ಮೇಲೆ ಹೊರಿಸುತ್ತಾನೆ. ಎರಡನೆಯವನು ದೇವರ ಕೆಲಸವನ್ನು ತನ್ನದೆನ್ನುತ್ತಾನೆ. ಈ ಎರಡು ತಪ್ಪುಗಳ ನಡುವೆ ಇರುವ ದಾರಿಯನ್ನು ಯೆಹೂದ್ಯರ ಉಪದೇಶಕರು ಬಹುಕಾಲದಿಂದ ಬೋಧಿಸುತ್ತಾ ಬಂದಿದ್ದಾರೆ. ಮೋಶೆಯ ಐದು ಪುಸ್ತಕಗಳು ಅವರಿಗೂ ನಮಗೂ ಸಾಮಾನ್ಯವಾಗಿರುವದರಿಂದ, ಅವರು ಅವುಗಳಿಂದ ಏನು ಕಲಿತರೆಂದು ವಿಚಾರಿಸುವದು ನಮಗೂ ಪ್ರಯೋಜನಕರವೇ.

1. ಮನುಷ್ಯನು ಇನ್ನೂ ಮುಗಿಯದ ಕೆಲಸ

ರೋಮಾಪುರದವರು ಯೂದಾಯ ಸೀಮೆಯನ್ನು ಆಳುತ್ತಿದ್ದಾಗ, ಕ್ರಿ.ಶ. 2ನೇ ಶತಮಾನದಲ್ಲಿ, ಅಕೀವನೆಂಬ ಪ್ರಖ್ಯಾತನಾದ ರಬ್ಬಿ, ಅಂದರೆ ಗುರುವು, ಇದ್ದನು. ತೂರ್ನುಸ್ ರೂಫನೆಂಬ ರೋಮ್ ಅಧಿಪತಿಯು ಅವನನ್ನು, ದೇವರ ಕೆಲಸವು ಅಂದವೋ ಮನುಷ್ಯನ ಕೆಲಸವು ಅಂದವೋ ಎಂದು ಕೇಳಿದನೆಂದು ಮಿದ್ರಾಷ್ ಎಂಬ ಯೆಹೂದ್ಯ ವ್ಯಾಖ್ಯಾನವು ಹೇಳುತ್ತದೆ. ಸುನ್ನತಿಯನ್ನು ಹಳಿಯುವದೇ ಅವನ ಉದ್ದೇಶ. ದೇವರು ಮಾಡಿದ ದೇಹವನ್ನು ನೀವು ತಿದ್ದುವದೇಕೆ ಎಂಬದು ಅವನ ಮನಸ್ಸಿನಲ್ಲಿದ್ದ ಮಾತು. ಅಕೀವನು ಇದನ್ನು ತಿಳಿದು, ಮನುಷ್ಯನ ಕೆಲಸವೇ ಅಂದವೆಂದು ಉತ್ತರ ಕೊಟ್ಟು, ಗೋಧಿಯ ತೆನೆಗಳನ್ನೂ ರೊಟ್ಟಿಗಳನ್ನೂ ಅವನ ಮುಂದೆ ಇಟ್ಟು, ತೆನೆಗಿಂತ ರೊಟ್ಟಿಯು ಅಂದವಲ್ಲವೇ ಎಂದು ಕೇಳಿದನು.

ಇದರಲ್ಲಿ ದೇವರಿಗೆ ಅವಮಾನವೇನೂ ಇಲ್ಲ. ಕಾಳನ್ನು ಮನುಷ್ಯನು ಉಂಟುಮಾಡಲಾರನು. ರೊಟ್ಟಿಯನ್ನಾದರೋ ದೇವರು ಹೊಲದಲ್ಲಿ ಬೆಳೆಯಿಸುವದಿಲ್ಲ. ಆತನು ಬೇಕೆಂದೇ ಒಂದು ಭಾಗವನ್ನು ಮನುಷ್ಯನ ಕೈಗೆ ಬಿಟ್ಟಿದ್ದಾನೆ. ಆದಿಕಾಂಡದಲ್ಲಿ ಸೃಷ್ಟಿಯ ಏಳು ದಿನಗಳ ವೃತ್ತಾಂತವನ್ನು ಮುಗಿಸುವ ವಚನದ ಕಡೇ ಇಬ್ರಿಯ ಶಬ್ದಕ್ಕೆ "ಮಾಡುವದಕ್ಕೆ" ಎಂದರ್ಥ. ಹೋಶಯನೆಂಬ ರಬ್ಬಿಯು ಈ ಶಬ್ದವನ್ನು ಹಿಡಿದು, ಆರು ದಿನಗಳಲ್ಲಿ ಉಂಟಾದದ್ದಕ್ಕೆಲ್ಲಾ ಇನ್ನೂ ಕೆಲಸವು ಬೇಕೆಂದು ಕಲಿಸಿದನು: ಸಾಸಿವೆಯ ಖಾರವನ್ನು ತಗ್ಗಿಸಬೇಕು, ಗೋಧಿಯನ್ನು ಬೀಸಬೇಕು, ಹಾಗೆಯೇ ಮನುಷ್ಯನೂ ತಿದ್ದಲ್ಪಡಬೇಕು. ಆದಕಾರಣ ಹುಟ್ಟುಗುಣವೆಂಬದು ತೆನೆಯೇ ಹೊರತು ರೊಟ್ಟಿಯಲ್ಲ.

2. ಇಬ್ಬರ ಪಾಲು

ಯೆಹೂದ್ಯರ ದೊಡ್ಡ ಉಪದೇಶಸಂಗ್ರಹಕ್ಕೆ ತಾಲ್ಮೂದು ಎಂದು ಹೆಸರು. ಒಂದು ಗಳಿಗೆಯಾದರೂ ಸತ್ಯವಾಗಿ ನ್ಯಾಯತೀರಿಸುವವನು ಸೃಷ್ಟಿಯಲ್ಲಿ ದೇವರಿಗೆ ಪಾಲುಗಾರನಾದಂತೆ ಎಂದು ಅದರಲ್ಲಿ ಹೇಳಿದೆ. ಮಗುವಿನ ವಿಷಯದಲ್ಲಿ ತಂದೆ, ತಾಯಿ, ದೇವರು ಈ ಮೂವರೂ ಪಾಲುಗಾರರೆಂದೂ ಹೇಳಿದೆ.

ಆದರೆ ಈ ಪಾಲುಗಾರರು ಸಮಾನರಲ್ಲ. ಇದಕ್ಕೆ ಅವರು ಒಂದು ಸಾಮ್ಯವನ್ನು ಹೇಳುತ್ತಾರೆ. ಒಬ್ಬ ಅಂಗಡಿಯವನ ಬಳಿಯಲ್ಲಿ ದುರ್ವಾಸನೆಯ ಎಣ್ಣೆಯೂ ಸುಗಂಧತೈಲವೂ ಇದ್ದವು. ದುರ್ವಾಸನೆಯದನ್ನು ಕೇಳಿಬಂದವನಿಗೆ, ನೀನೇ ಅಳೆದುಕೋ ಎನ್ನುವನು. ಸುಗಂಧವನ್ನು ಕೇಳಿಬಂದವನಿಗಾದರೋ, ತಾಳು, ನಾನೂ ನಿನ್ನ ಸಂಗಡ ಅಳೆಯುವೆನು, ಇಬ್ಬರಿಗೂ ಪರಿಮಳ ಹತ್ತಲಿ ಎನ್ನುವನು. ಕೆಟ್ಟದ್ದನ್ನು ಆರಿಸುವವನನ್ನು ದೇವರು ತಡೆಯದೆ ಬಿಡುತ್ತಾನೆ. ಶುದ್ಧನಾಗಬೇಕೆಂದು ಬರುವವನಿಗೆ ಸಹಾಯಮಾಡುತ್ತಾನೆ. ಮನುಷ್ಯನು ಸೂಜಿಯ ಕಣ್ಣಿನಷ್ಟು ತೆರೆದರೆ ಸಾಕು, ದೇವರು ಬಂಡಿಗಳು ಹೋಗುವಷ್ಟು ಅಗಲವಾದ ಬಾಗಿಲನ್ನು ತೆರೆಯುವನೆಂದು ಮಿದ್ರಾಷ್ ಹೇಳುತ್ತದೆ. ಆದರೂ ಆ ಸೂಜಿಯ ಕಣ್ಣಿನಷ್ಟನ್ನು ಮನುಷ್ಯನೇ ತೆರೆಯಬೇಕು.

3. ಕಳ್ಳನಾಗಿದ್ದ ಗುರು

ಶುದ್ಧನಾಗಬರುವವನಿಗೆ ಸಹಾಯವಾಗುವದೆಂಬ ಮಾತನ್ನು ಹೇಳಿದವನು 3ನೇ ಶತಮಾನದಲ್ಲಿ ಗಲಿಲಾಯದಲ್ಲಿದ್ದ ರೇಷ್ ಲಾಕೀಷನು. ಇವನು ಮೊದಲು ದರೋಡೆಗಾರನಾಗಿದ್ದನೆಂದು ತಾಲ್ಮೂದಿನ ಕಥೆ. ಯೋಹಾನಾನನೆಂಬ ರಬ್ಬಿಯು ಯೊರ್ದನ್ ಹೊಳೆಯಲ್ಲಿ ಅವನನ್ನು ಸಂಧಿಸಿ, ನಿನ್ನ ಬಲವು ಧರ್ಮಶಾಸ್ತ್ರಕ್ಕೆ ಸಲ್ಲಲಿ ಎಂದು ಕರೆದು, ಓದು ಕಲಿಸಿ, ತನ್ನ ತಂಗಿಯನ್ನು ಮದುವೆಮಾಡಿಕೊಟ್ಟನು. ದರೋಡೆಗಾರನು ದೊಡ್ಡ ಪಂಡಿತನಾದನು.

ಒಂದು ದಿನ ಕತ್ತಿ ಚೂರಿಗಳ ಶುದ್ಧಾಶುದ್ಧದ ವಿಷಯವಾಗಿ ಇಬ್ಬರಿಗೂ ಚರ್ಚೆಯಾಯಿತು. ಆಗ ಯೋಹಾನಾನನು, ಕಳ್ಳನಿಗೆ ತನ್ನ ಕಸಬು ಗೊತ್ತು ಎಂದು ಹಂಗಿಸಿದನು. ಆ ಒಂದು ಮಾತು ರೇಷ್ ಲಾಕೀಷನನ್ನು ಇರಿಯಿತು. ನಿನ್ನಿಂದ ನನಗೇನು ಲಾಭವಾಯಿತೆಂದು ಅವನು ಕೇಳಲು ಗುರುವಿಗೂ ನೋವಾಯಿತು. ಶಿಷ್ಯನು ಅಸ್ವಸ್ಥನಾಗಿ ಬಿದ್ದನು. ತಂಗಿಯು ಅತ್ತು ಬೇಡಿಕೊಂಡರೂ ಯೋಹಾನಾನನ ಮನಸ್ಸು ಕರಗಲಿಲ್ಲ. ರೇಷ್ ಲಾಕೀಷನು ಸತ್ತನು. ಆಮೇಲೆ ಗುರುವು ತನ್ನ ಮಾತಿಗೆ 24 ಆಕ್ಷೇಪಣೆಗಳನ್ನು ಎತ್ತುತ್ತಿದ್ದ ಆ ಗೆಳೆಯನಿಗಾಗಿ ಬಟ್ಟೆ ಹರಿದುಕೊಂಡು ಅಳುತ್ತಾ, ಬುದ್ಧಿಭ್ರಮಣೆಯಾಗಿ ತಾನೂ ಸತ್ತನು.

ಕ್ರಯವಿಕ್ರಯದಲ್ಲಿ ಅನ್ಯಾಯವಿರುವಂತೆ ಮಾತಿನಲ್ಲಿಯೂ ಅನ್ಯಾಯವುಂಟು. ತಿರುಗಿಕೊಂಡವನಿಗೆ ಅವನ ಹಿಂದಿನ ನಡತೆಯನ್ನು ಎತ್ತಿ ಆಡಬಾರದು ಎಂಬ ವಿಧಿಯು ಇದಕ್ಕೆ ಮೊದಲೇ ಮಿಷ್ನಾ ಎಂಬ ಗ್ರಂಥದಲ್ಲಿತ್ತು. ಗುರುವಿಗೆ ಅದು ತಿಳಿಯದೆ ಇರಲಿಲ್ಲ. ನಮ್ಮಲ್ಲಿ ಕುಡಿತವನ್ನು ಬಿಟ್ಟವನನ್ನು ಇನ್ನೂ ಕುಡುಕನೆಂದು ಕರೆಯುವವರು ಯಾರಾದರೂ ಇದ್ದರೆ, ಅವರು ದೇವರೂ ಆ ಮನುಷ್ಯನೂ ಕೂಡಿ ಕಟ್ಟಿದ್ದನ್ನು ಕೆಡವುತ್ತಾರೆಂದು ತಿಳಿಯಲಿ.

4. ಮಾಡತಕ್ಕ ರೀತಿ

ತಿದ್ದಿಕೊಳ್ಳುವದಕ್ಕೆ ಇಬ್ರಿಯರು ತೆಶೂವ, ಅಂದರೆ ತಿರುಗಿಬರುವದು, ಎನ್ನುತ್ತಾರೆ. ನೆರೆಯವನಿಗೆ ಮಾಡಿದ ತಪ್ಪನ್ನು, ಅವನನ್ನು ಸಮಾಧಾನಪಡಿಸುವ ತನಕ, ದೋಷಪರಿಹಾರಕ ದಿನವೂ ಪರಿಹರಿಸದೆಂದು ಮಿಷ್ನಾ ಹೇಳುತ್ತದೆ. 1204ರಲ್ಲಿ ತೀರಿಕೊಂಡ ಮೈಮೋನಿದನೆಂಬ ಪಂಡಿತನು ಪೂರ್ಣವಾದ ತೆಶೂವದ ಗುರುತನ್ನು ಹೀಗೆ ತಿಳಿಸಿದನು: ಅದೇ ಪಾಪಕ್ಕೆ ಅದೇ ಸಂದರ್ಭವು ಪುನಃ ಒದಗಿ, ಮಾಡುವ ಶಕ್ತಿಯಿದ್ದಾಗಲೂ ಮಾಡದೆ ಬಿಡುವದೇ.

1808ರಲ್ಲಿ ಮೆಂದೆಲ್ ಲೆಫಿನನು ಅಚ್ಚುಹಾಕಿಸಿದ "ಆತ್ಮದ ಲೆಕ್ಕ" ಎಂಬರ್ಥದ ಪುಸ್ತಕವು ಒಂದು ಸುಲಭವಾದ ಕ್ರಮವನ್ನು ಕಲಿಸಿತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನನಿಂದ ಕಲಿತ ಆ ಕ್ರಮದಲ್ಲಿ 13 ಗುಣಗಳುಂಟು. ವಾರಕ್ಕೆ ಒಂದೇ ಗುಣವನ್ನು ಗಮನಿಸಿ, ಪ್ರತಿದಿನದ ತಪ್ಪನ್ನು ಗುರುತುಹಾಕಬೇಕು. ಹೀಗೆ ವರುಷದಲ್ಲಿ ಪ್ರತಿಯೊಂದು ಗುಣದ ಸರದಿಯು ನಾಲ್ಕಾವರ್ತಿ ಬರುವದು. 1883ರಲ್ಲಿ ತೀರಿಕೊಂಡ ರಬ್ಬಿ ಇಸ್ರಾಯೇಲ್ ಸಲಾಂತೆರನು ಲಿಥುವೇನಿಯ ದೇಶದಲ್ಲಿ ಇಂಥ ಅಭ್ಯಾಸವನ್ನು ಬಹಳವಾಗಿ ಹಬ್ಬಿಸಿದನು.

ಕೆಲಸವು ದೊಡ್ಡದೆಂದು ಎದೆಗುಂದುವವರಿಗೆ ರಬ್ಬಿ ತರ್ಫೋನನ ಬೋಧನೆಯು ಧೈರ್ಯ ಕೊಡುವದು: ಕೆಲಸವನ್ನು ಮುಗಿಸುವ ಭಾರವು ನಮ್ಮದಲ್ಲ, ಅದನ್ನು ಬಿಟ್ಟುಬಿಡುವ ಸ್ವಾತಂತ್ರ್ಯವೂ ನಮಗಿಲ್ಲ. ಹೀಗಿರುವದರಿಂದ ಈ ವಾರಕ್ಕೆ ಒಂದೇ ದುರ್ಗುಣವನ್ನು ಆರಿಸಿಕೊಂಡು, ಸೂಜಿಯ ಕಣ್ಣಿನಷ್ಟು ತೆರೆಯೋಣ.

ಪಾಠದ ಪ್ರಶ್ನೆಗಳು

1. ಅಕೀವನು ತೆನೆಯನ್ನೂ ರೊಟ್ಟಿಯನ್ನೂ ತೋರಿಸಿದ್ದರಿಂದ ಹುಟ್ಟುಗುಣದ ವಿಷಯವಾಗಿ ಏನು ತಿಳಿಯುತ್ತದೆ?
2. ಅಂಗಡಿಯವನ ಸಾಮ್ಯದಲ್ಲಿ ದೇವರ ಪಾಲು ಯಾವದು, ಮನುಷ್ಯನ ಪಾಲು ಯಾವದು?
3. ಯೋಹಾನಾನನು ಯಾವ ವಿಧಿಯನ್ನು ಮೀರಿದನು? ನಿನ್ನ ನಾಲಿಗೆಯು ಯಾರಿಗೆ ಹಾಗೆ ಮಾಡಿತು?