ಇದ್ದಿಲು ಎಲ್ಲಾ ವಿಷವನ್ನೂ ಹಿಡಿಯುತ್ತದೆಯೇ?

ಈ ಸಲದ ಗೋಡೆ ಪತ್ರಿಕೆಗೆ ವಿಜ್ಞಾನದ ಪಾಠ ಬರೆಯುವ ಸರದಿ ನನ್ನದು. ನಾನು ಆರಿಸಿಕೊಂಡ ವಿಷಯ ಇದ್ದಿಲು. "ಇದ್ದಿಲಿನ ಬಗ್ಗೆ ಬರೆಯೋಕೆ ಏನೈತೆ?" ಎಂದು ನಗಬೇಡಿ. ಒಂದು ತಿಂಗಳ ಹಿಂದೆ ಇದೇ ಇದ್ದಿಲನ್ನು ನಂಬಿ ನಮ್ಮ ಮನೆಯಲ್ಲಿ ಅರ್ಧ ಗಂಟೆ ಹಾಳಾಯಿತು. ಆ ಅರ್ಧ ಗಂಟೆಯಲ್ಲಿ ನನ್ನ ತಂಗಿಗೆ ಏನು ಬೇಕಾದರೂ ಆಗಬಹುದಿತ್ತು. ಅದಕ್ಕೇ ಬರೆಯುತ್ತಿದ್ದೇನೆ.

ನಡೆದ ಸಂಗತಿ

ನಮಗೆ ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರಲ್ಲ, ಕಬ್ಬಿಣಾಂಶದ ಮಾತ್ರೆ. ಅದನ್ನು ನುಂಗಿದರೆ ನನಗೆ ವಾಕರಿಕೆ ಬರುತ್ತಿತ್ತು. ಅದಕ್ಕೆ "ಮನೇಲಿ ನುಂಗ್ತೀನಿ ಸಾರ್" ಅಂತ ಸುಳ್ಳು ಹೇಳಿ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಹಾಗೆ ಉಳಿಸಿದ ಎಂಟು ಮಾತ್ರೆ ನನ್ನ ಕಂಪಾಸ್ ಬಾಕ್ಸಿನಲ್ಲಿ ಇದ್ದವು. ಒಂದು ಭಾನುವಾರ ನನ್ನ ಮೂರು ವರ್ಷದ ತಂಗಿ ಬಾಕ್ಸ್ ತೆಗೆದು, ಪೆಪ್ಪರಮೆಂಟು ಅಂದುಕೊಂಡು ತಿಂದುಬಿಟ್ಟಿದ್ದಳು. ನಾನು ನೋಡಿದಾಗ ಅವಳ ತುಟಿ, ನಾಲಿಗೆ ಎಲ್ಲಾ ನೀಲಿ. ಎರಡೇ ಮಾತ್ರೆ ಉಳಿದಿದ್ದವು.

ನಾನು ಕೂಗಿದೆ. ಅವ್ವ ಅಳಲು ಶುರು ಮಾಡಿದರು. ಅಜ್ಜಿ ಮಾತ್ರ ಧೈರ್ಯವಾಗಿ, "ಹೆದರ್ಬ್ಯಾಡ ಕಣ್ಲಾ. ಚಿಪ್ಪಿನ ಇದ್ಲು ಅರೆದು ಮಜ್ಜಿಗೇಲಿ ಕುಡಿಸಿದ್ರೆ ಹೊಟ್ಟೇಲಿ ಇರೋದೆಲ್ಲಾ ಹಿಡ್ಕಂಡು ಬತ್ತೈತೆ" ಎಂದರು. ಮಾವನೂ, "ಹೌದು, ದೊಡ್ಡಾಸ್ಪತ್ರೇಲೂ ವಿಷಕ್ಕೆ ಇದ್ಲೇ ಕೊಡ್ತಾರಂತೆ. ಮೊಬೈಲ್‌ನಾಗೆ ವಿಡಿಯೋ ನೋಡಿದ್ದೆ" ಎಂದರು. ಒಲೆಯಿಂದ ಇದ್ದಿಲು ತೆಗೆದು, ಆರಿಸಿ, ಒರಳಲ್ಲಿ ಕುಟ್ಟಿ, ಬಟ್ಟೆಯಲ್ಲಿ ಸೋಸುವಷ್ಟರಲ್ಲಿ ಅರ್ಧ ಗಂಟೆ ಆಯಿತು. ತಂಗಿ ಕಪ್ಪು ಮಜ್ಜಿಗೆ ನೋಡಿ ಬಾಯಿಯನ್ನೇ ತೆಗೆಯಲಿಲ್ಲ. ಅಜ್ಜಿ ಅವಳ ಮೂಗು ಹಿಡಿದು ಕುಡಿಸಬೇಕು ಅನ್ನುವಾಗ, ಗಲಾಟೆ ಕೇಳಿ ನಮ್ಮ ಬೀದಿಯ ಆಶಾ ಅಕ್ಕ ಓಡಿ ಬಂದರು. "ಅಜ್ಜೀ, ಲೋಟ ಕೆಳಗಿಡಿ. ಮಾತ್ರೆಯ ಖಾಲಿ ಶೀಟು ಎಲ್ಲೈತೆ? ಅದನ್ನೂ ತಗಳಿ" ಎಂದು ಹೇಳಿ 108ಕ್ಕೆ ಫೋನ್ ಮಾಡಿದರು.

ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರ್ ಮೇಡಂ ಮೂರು ಪ್ರಶ್ನೆ ಕೇಳಿದರು. ಯಾವ ಮಾತ್ರೆ? ಎಷ್ಟು ತಿಂದಿದ್ದಾಳೆ? ಎಷ್ಟು ಹೊತ್ತಾಯಿತು? ಈ ಮೂರಕ್ಕೂ ಉತ್ತರ ಗೊತ್ತಿದ್ದವನು ನಾನೊಬ್ಬನೇ. ನನ್ನ ಸುಳ್ಳನ್ನು ಎಲ್ಲರ ಎದುರು ಹೇಳಲೇಬೇಕಾಯಿತು.

ಡಾಕ್ಟರ್ ಹಾಕಿದ ಲೆಕ್ಕ

ಒಂದು ನೀಲಿ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಆರು ಮಾತ್ರೆ ಎಂದರೆ 360 ಮಿಲಿಗ್ರಾಂ. ನನ್ನ ತಂಗಿಯ ತೂಕ 12 ಕೆಜಿ. 360ನ್ನು 12ರಿಂದ ಭಾಗಿಸಿದರೆ ಕೆಜಿಗೆ 30 ಮಿಲಿಗ್ರಾಂ ಬರುತ್ತದೆ. ಕೆಜಿಗೆ 20 ದಾಟಿದರೆ ಹೊಟ್ಟೆನೋವು, ವಾಂತಿ, ಭೇದಿ ಬರುತ್ತವೆ. 60 ದಾಟಿದರೆ ಜೀವಕ್ಕೇ ಅಪಾಯ. ಎಂದರೆ ಅದೇ ಕಂಪಾಸ್ ಬಾಕ್ಸಿನಲ್ಲಿ ಹನ್ನೆರಡು ಮಾತ್ರೆ ಇದ್ದು ಅವಳು ಎಲ್ಲವನ್ನೂ ತಿಂದಿದ್ದರೆ? ಆ ಲೆಕ್ಕ ನೀವೇ ಮಾಡಿ ನೋಡಿ. ನಾನು ಮಾಡಿದ್ದೇನೆ, ಮಾಡಿದ ಮೇಲೆ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಎಕ್ಸ್‌ರೇ ತೆಗೆದರು. ಕಬ್ಬಿಣದ ಮಾತ್ರೆ ಕರಗದೆ ಇದ್ದರೆ ಎಕ್ಸ್‌ರೇಯಲ್ಲಿ ಬಿಳಿ ಚುಕ್ಕೆಯಾಗಿ ಕಾಣುತ್ತದೆ. ತಂಗಿಗೆ ಎರಡು ಸಲ ವಾಂತಿ ಆಯಿತು. ಡ್ರಿಪ್ ಹಾಕಿದರು. ಸಂಜೆ ಅವಳು ಆಟ ಆಡಲು ಶುರು ಮಾಡಿದಳು. ನಾವು "ವಾಸಿ ಆಯ್ತು, ಮನೆಗೆ ಹೋಗ್ತೀವಿ" ಎಂದರೆ ಡಾಕ್ಟರ್ ಬಿಡಲಿಲ್ಲ. ಕಬ್ಬಿಣದ ವಿಷ ಮೋಸಗಾರ. ಮೊದಲು ವಾಂತಿ ಮಾಡಿಸಿ, ಆಮೇಲೆ ಕೆಲವು ಗಂಟೆ ಸುಮ್ಮನಿದ್ದು, ಒಳಗೊಳಗೇ ಈಲಿಯನ್ನು (ಲಿವರ್) ಕೆಡಿಸಬಹುದಂತೆ. ಅದಕ್ಕೆ ರಾತ್ರಿಯೆಲ್ಲಾ ಇಟ್ಟುಕೊಂಡು ನೋಡಿದರು. ಮಾರನೆಯ ದಿನ ಮನೆಗೆ ಕಳುಹಿಸಿದರು.

ಹೊರಡುವಾಗ ನಾನು ಕೇಳಿದೆ, "ಮೇಡಂ, ಅಜ್ಜಿ ಮಾಡಿದ ಇದ್ದಿಲು ಕುಡಿಸಿದ್ದರೆ ವಿಷ ಹೋಗ್ತಿತ್ತಾ?" ಅವರು ಹೇಳಿದ್ದನ್ನೂ, ನಮ್ಮ ವಿಜ್ಞಾನದ ಸಾರ್ ವಿವರಿಸಿದ್ದನ್ನೂ ಸೇರಿಸಿ ಮುಂದಿನ ಪಾಠ ಬರೆದಿದ್ದೇನೆ.

ಇದ್ದಿಲು ಎರಡು ಬಗೆ

ನಮ್ಮ ತಿಪಟೂರು ಸೀಮೆಯಲ್ಲಿ ಕೊಬ್ಬರಿ ತೆಗೆದ ಮೇಲೆ ಉಳಿಯುವ ಚಿಪ್ಪನ್ನು ಸುಟ್ಟು ಇದ್ದಿಲು ಮಾಡುವುದನ್ನು ನೀವೆಲ್ಲಾ ನೋಡಿದ್ದೀರಿ. ಗಾಳಿ ಚೆನ್ನಾಗಿ ಆಡಿದರೆ ಚಿಪ್ಪು ಉರಿದು ಬೂದಿ ಆಗುತ್ತದೆ. ಗಾಳಿ ಕಡಿಮೆ ಮಾಡಿ ಮುಚ್ಚಿದರೆ ಇದ್ದಿಲು ಆಗುತ್ತದೆ. ನೂರು ಕೆಜಿ ಚಿಪ್ಪಿಗೆ ಸುಮಾರು 25ರಿಂದ 30 ಕೆಜಿ ಇದ್ದಿಲು ಸಿಗುತ್ತದೆ. ಇದು ಸಾಮಾನ್ಯ ಇದ್ದಿಲು. ಇದರ ಒಳಗೆ ಸಣ್ಣ ಸಣ್ಣ ರಂಧ್ರಗಳು ಇದ್ದರೂ ಹೊಗೆಯ ಜಿಡ್ಡು, ಡಾಂಬರು ಸೇರಿ ಬಹಳಷ್ಟು ಮುಚ್ಚಿಹೋಗಿರುತ್ತವೆ.

ಇದೇ ಇದ್ದಿಲನ್ನು ಕಾರ್ಖಾನೆಗೆ ಒಯ್ದು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ನೀರಾವಿ ಹಾಯಿಸುತ್ತಾರೆ. ಆಗ ಜಿಡ್ಡು ಹೋಗಿ, ಮುಚ್ಚಿದ ರಂಧ್ರ ತೆರೆದು, ಹೊಸ ರಂಧ್ರಗಳೂ ಹುಟ್ಟುತ್ತವೆ. ಇದಕ್ಕೆ ಆಕ್ಟಿವೇಟೆಡ್ ಚಾರ್ಕೋಲ್ ಎಂದು ಹೆಸರು. ಕನ್ನಡದಲ್ಲಿ ಸಕ್ರಿಯ ಇದ್ದಿಲು ಎನ್ನಬಹುದು. ಔಷಧಿಗೆ ಬೇಕಾದರೆ ಇದನ್ನು ಇನ್ನೂ ಶುದ್ಧ ಮಾಡಿ ನುಣ್ಣಗೆ ಪುಡಿ ಮಾಡುತ್ತಾರೆ.

ಇದರ ಒಂದು ಗ್ರಾಂ ಪುಡಿಯಲ್ಲಿರುವ ಎಲ್ಲಾ ರಂಧ್ರಗಳ ಗೋಡೆಯನ್ನು ಬಿಚ್ಚಿ ನೆಲದ ಮೇಲೆ ಹಾಸಿದರೆ ಸುಮಾರು 1000 ಚದರ ಮೀಟರ್ ಆಗುತ್ತದೆ. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಅಂದರೆ ಒಂದು ಚಿಟಿಕೆ ಪುಡಿಯೊಳಗೆ ಹತ್ತು ಗುಂಟೆ ಹೊಲ!

ಹಿಡಿಯುವುದು ಹೇಗೆ?

ಬಟ್ಟೆ ನೀರನ್ನು ಹೀರಿದಂತೆ ಇದ್ದಿಲು ಹೀರುವುದಿಲ್ಲ. ಉತ್ತರಾಣಿ ಬೀಜ ನಮ್ಮ ಬಟ್ಟೆಗೆ ಅಂಟಿಕೊಳ್ಳುವ ಹಾಗೆ ವಿಷದ ಕಣಗಳು ಇದ್ದಿಲಿನ ರಂಧ್ರದ ಗೋಡೆಗೆ ಅಂಟಿಕೊಳ್ಳುತ್ತವೆ. ಇದಕ್ಕೆ ಅಧಿಶೋಷಣೆ ಎನ್ನುತ್ತಾರೆ. ಗೋಡೆ ಹೆಚ್ಚು ಇದ್ದಷ್ಟೂ ಅಂಟುವುದು ಹೆಚ್ಚು. ಇದ್ದಿಲು ಜೀರ್ಣ ಆಗುವುದಿಲ್ಲ, ರಕ್ತಕ್ಕೂ ಹೋಗುವುದಿಲ್ಲ. ಅಂಟಿಕೊಂಡದ್ದನ್ನು ಹೊತ್ತು ಮಲದಲ್ಲಿ ಹೊರಗೆ ಬರುತ್ತದೆ.

1915ನೇ ಏಪ್ರಿಲ್ 22ರಂದು ಮೊದಲನೆಯ ಮಹಾಯುದ್ಧದಲ್ಲಿ ಬೆಲ್ಜಿಯಂ ದೇಶದ ಈಪ್ರ್ ಎಂಬಲ್ಲಿ ಜರ್ಮನಿಯ ಸೈನ್ಯ ಕ್ಲೋರಿನ್ ವಿಷಾನಿಲ ಬಿಟ್ಟಿತು. ಅದೇ ವರ್ಷ ರಷ್ಯಾದ ವಿಜ್ಞಾನಿ ಝೆಲಿನ್‌ಸ್ಕಿ ಸಕ್ರಿಯ ಇದ್ದಿಲು ತುಂಬಿದ ಮುಖವಾಡ ಮಾಡಿದರು. 1918ರಲ್ಲಿ ಅಮೆರಿಕದಲ್ಲಿ ಮುಖವಾಡದ ಇದ್ದಿಲಿಗಾಗಿ ಹಣ್ಣಿನ ಓಟೆ, ಕಾಯಿಯ ಚಿಪ್ಪುಗಳನ್ನು ಶಾಲೆಯ ಮಕ್ಕಳೂ ಕೂಡಿಸಿ ಕೊಟ್ಟರಂತೆ. ಅದಕ್ಕೆ ತೆಂಗಿನ ಚಿಪ್ಪು ಬಹಳ ಒಳ್ಳೆಯದು ಎಂದು ಆಗಲೇ ಗೊತ್ತಿತ್ತು.

ಇನ್ನೊಂದು ಕಥೆ. ಫ್ರಾನ್ಸ್ ದೇಶದ ತುವೇರಿ ಎಂಬ ಔಷಧಿ ತಯಾರಕರು 1831ರಲ್ಲಿ ವಿದ್ವಾಂಸರ ಎದುರು ಸ್ಟ್ರಿಕ್‌ನಿನ್ ವಿಷವನ್ನು ಇದ್ದಿಲಿನ ಜೊತೆ ನುಂಗಿ ಬದುಕಿ ತೋರಿಸಿದರು ಎಂದು ಹೇಳುತ್ತಾರೆ. ನಮ್ಮ ಕಾಡಿನ ಕಾಸರಕದ ಬೀಜದಲ್ಲಿ ಇರುವುದು ಇದೇ ವಿಷ. ಯಾರೂ ಇದನ್ನು ಮಾಡಿ ನೋಡಬಾರದು! ಇಲ್ಲಿ ಒಂದು ಮಾತು ಗಮನಿಸಿ. ಅವರು ವಿಷವನ್ನೂ ಇದ್ದಿಲನ್ನೂ ಒಟ್ಟಿಗೇ ನುಂಗಿದರು. ವಿಷ ರಕ್ತಕ್ಕೆ ಸೇರುವ ಮೊದಲೇ ಇದ್ದಿಲು ಹಿಡಿದಿತ್ತು. ರಕ್ತಕ್ಕೆ ಸೇರಿದ ಮೇಲೆ ಹೊಟ್ಟೆಯಲ್ಲಿ ಇದ್ದಿಲು ಕಾದು ಕೂತು ಏನು ಮಾಡೀತು? ಅದಕ್ಕೇ ಡಾಕ್ಟರು ಹೆಚ್ಚಾಗಿ ಮೊದಲ ಒಂದು ಗಂಟೆಯೊಳಗೆ ಬಂದವರಿಗೆ ಮಾತ್ರ ಇದನ್ನು ಕೊಡುತ್ತಾರೆ.

ಮಾವ ಹೇಳಿದ್ದು ಅರ್ಧ ನಿಜ

ದೊಡ್ಡಾಸ್ಪತ್ರೆಯಲ್ಲಿ ಇದ್ದಿಲು ಕೊಡುವುದು ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೂ ಸಕ್ರಿಯ ಇದ್ದಿಲು ಇದೆ. ಉಳಿದ ಅರ್ಧ ಏನೆಂದರೆ, ಅದು ಎಲ್ಲವನ್ನೂ ಹಿಡಿಯುವುದಿಲ್ಲ.

ಹಿಡಿಯುವಂಥವು: ಜ್ವರದ ಪ್ಯಾರಾಸಿಟಮಾಲ್ ಮಾತ್ರೆ, ಆಸ್ಪಿರಿನ್, ಮೂರ್ಛೆರೋಗದ ಕೆಲವು ಮಾತ್ರೆಗಳು.

ಹಿಡಿಯದೆ ಇರುವಂಥವು: ಕಬ್ಬಿಣದ ಮಾತ್ರೆ, ಸಾರಾಯಿ, ಆಸಿಡ್, ಕಾಸ್ಟಿಕ್ ಸೋಡಾ. ಸೀಮೆಎಣ್ಣೆ, ಪೆಟ್ರೋಲ್ ಕುಡಿದವರಿಗೂ ಇದನ್ನು ಕೊಡುವುದಿಲ್ಲ.

ಈಗ ಗೊತ್ತಾಯಿತಲ್ಲ? ನನ್ನ ತಂಗಿ ತಿಂದದ್ದು ಕಬ್ಬಿಣ. ಅಜ್ಜಿಯ ಒಲೆಯ ಇದ್ದಿಲು ಇರಲಿ, ಆಸ್ಪತ್ರೆಯ ಇದ್ದಿಲೂ ಅದನ್ನು ಹಿಡಿಯುತ್ತಿರಲಿಲ್ಲ. ಕಬ್ಬಿಣ ತುಂಬಾ ಹೆಚ್ಚಾಗಿದ್ದರೆ ಅದಕ್ಕೆ ಡೆಫೆರಾಕ್ಸಮಿನ್ ಎಂಬ ಬೇರೆಯೇ ಔಷಧಿ ಇದೆ. ಅದು ಆಸ್ಪತ್ರೆಯಲ್ಲಿ ಮಾತ್ರ ಕೊಡುವಂಥದ್ದು. ಬಲವಂತವಾಗಿ ಮೂಗು ಹಿಡಿದು ಇದ್ದಿಲು ಕುಡಿಸಿದ್ದರೆ ಅದು ಶ್ವಾಸಕೋಶಕ್ಕೆ ಹೋಗಿ ಇನ್ನೊಂದು ಅಪಾಯ ಆಗುತ್ತಿತ್ತು.

ಮಾಡಿ ನೋಡಿ

ಸಾರ್ ನೀರಿನ ಫಿಲ್ಟರ್ ರಿಪೇರಿ ಅಂಗಡಿಯಿಂದ ಹೊಸ ಸಕ್ರಿಯ ಇದ್ದಿಲು ತಂದಿದ್ದರು. ನಾವು ಮಾಡಿದ್ದು ಹೀಗೆ.

1. ಎರಡು ಲೋಟ ನೀರಿಗೆ ಎರಡೆರಡು ಹನಿ ನೀಲಿ ಶಾಯಿ ಹಾಕಿದೆವು.

2. ಒಂದಕ್ಕೆ ಎರಡು ಚಮಚ ಒಲೆ ಇದ್ದಿಲಿನ ಪುಡಿ, ಇನ್ನೊಂದಕ್ಕೆ ಎರಡು ಚಮಚ ಸಕ್ರಿಯ ಇದ್ದಿಲಿನ ಪುಡಿ ಹಾಕಿ ಅರ್ಧ ಗಂಟೆ ಕಲಕಿ, ಸೋಸು ಕಾಗದದಲ್ಲಿ ಸೋಸಿದೆವು. ಒಲೆ ಇದ್ದಿಲಿನ ನೀರು ಇನ್ನೂ ನೀಲಿಯಾಗೇ ಇತ್ತು, ಸ್ವಲ್ಪ ತಿಳಿಯಾಗಿತ್ತು ಅಷ್ಟೆ. ಸಕ್ರಿಯ ಇದ್ದಿಲಿನ ನೀರು ಹೆಚ್ಚುಕಡಿಮೆ ಬಣ್ಣವಿಲ್ಲದೆ ಬಂತು.

3. ಮೂರನೆಯ ಲೋಟದಲ್ಲಿ ಉಪ್ಪು ನೀರು ಮಾಡಿ, ಸಕ್ರಿಯ ಇದ್ದಿಲು ಹಾಕಿ ಸೋಸಿ, ಆ ನೀರನ್ನು ತಟ್ಟೆಯಲ್ಲಿ ಬಿಸಿಲಿಗೆ ಇಟ್ಟೆವು. ನೀರು ಆರಿದ ಮೇಲೆ ತಟ್ಟೆಯಲ್ಲಿ ಬಿಳಿ ಉಪ್ಪು ಉಳಿಯಿತು. ಶಾಯಿಯನ್ನು ಹಿಡಿದ ಇದ್ದಿಲು ಉಪ್ಪನ್ನು ಹಿಡಿಯಲಿಲ್ಲ.

ಉಪ್ಪಿನ ಹಾಗೆ ಕಬ್ಬಿಣವೂ ಇದ್ದಿಲಿನ ಕೈಗೆ ಸಿಗುವುದಿಲ್ಲ ಎಂದು ಸಾರ್ ಹೇಳಿದರು. ಆ ತಟ್ಟೆಯನ್ನು ನಾನು ಮನೆಗೆ ಒಯ್ದು ಅಜ್ಜಿಗೆ ತೋರಿಸಿದೆ.

ಹೊಟ್ಟೆ ಕೆಟ್ಟರೆ?

ಭೇದಿ ಆದಾಗಲೂ ಕೆಲವರು ಇದ್ದಿಲು ತಿನ್ನಿಸುತ್ತಾರೆ. ಭೇದಿಯಲ್ಲಿ ಮಕ್ಕಳಿಗೆ ಅಪಾಯ ಆಗುವುದು ಮೈಯ ನೀರು, ಉಪ್ಪು ಹೋಗುವುದರಿಂದ. ಇದ್ದಿಲು ಅದನ್ನು ವಾಪಸು ಕೊಡಲಾರದು. ಓಆರ್‌ಎಸ್ ಕೊಡಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು (ಎರಡೂ ಚಮಚದ ಮಟ್ಟಕ್ಕೆ, ಗೋಪುರ ಮಾಡಬಾರದು) ಹಾಕಿ ಸ್ವಲ್ಪ ಸ್ವಲ್ಪ ಕುಡಿಸಬೇಕು. ದಿನಾ ಬಿಪಿ, ಮೂರ್ಛೆ ಮಾತ್ರೆ ನುಂಗುವವರು ಇದ್ದಿಲು ತಿಂದರೆ ಅದು ಆ ಔಷಧಿಯನ್ನೂ ಹಿಡಿದುಬಿಡಬಹುದು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಇದ್ದಿಲಿಗೆ ಗೊತ್ತಾಗುವುದಿಲ್ಲ.

ನೆನಪಿಡಿ

1. ಮಗು ಮಾತ್ರೆ, ಔಷಧಿ, ಎಣ್ಣೆ ಏನೇ ನುಂಗಿದರೂ ಮೊದಲು 108ಕ್ಕೆ ಫೋನ್ ಮಾಡಿ.

2. ಖಾಲಿ ಶೀಟು, ಬಾಟಲಿ, ಡಬ್ಬ ಜೊತೆಗೆ ಒಯ್ಯಿರಿ. ಹೊತ್ತು ಎಷ್ಟಾಗಿತ್ತು ಎಂದು ಗಡಿಯಾರ ನೋಡಿ ಬರೆದುಕೊಳ್ಳಿ.

3. ಗಂಟಲಿಗೆ ಬೆರಳು ಹಾಕಿ, ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಇದ್ದಿಲು ಅರೆಯುತ್ತಾ ಕೂರಬೇಡಿ.

4. ಹಾವು ಕಚ್ಚಿದ ಜಾಗಕ್ಕೆ ಇದ್ದಿಲು ಹಚ್ಚಿ ಫಲವಿಲ್ಲ. ಹಾವಿನ ವಿಷಕ್ಕೆ ಆಸ್ಪತ್ರೆಯ ಪ್ರತಿವಿಷವೇ ಬೇಕು.

5. ಮಗು ಆಟ ಆಡುತ್ತಿದೆ ಎಂದು ಸುಮ್ಮನಾಗಬೇಡಿ.

ನೀಲಿ ಮಾತ್ರೆ ಕೆಟ್ಟದ್ದು ಎಂದು ಯಾರೂ ತಿಳಿಯಬೇಡಿ. ವಾರಕ್ಕೊಂದು ನುಂಗಿದರೆ ರಕ್ತಹೀನತೆ ಬರದಂತೆ ಕಾಪಾಡುತ್ತದೆ. ಊಟ ಆದ ಮೇಲೆ ನುಂಗಿದರೆ ವಾಕರಿಕೆ ಕಡಿಮೆ ಎಂದು ಡಾಕ್ಟರ್ ಹೇಳಿದ್ದಾರೆ. ಈಗ ನಾನು ಹಾಗೇ ನುಂಗುತ್ತಿದ್ದೇನೆ, ಸಾರ್ ಎದುರಿನಲ್ಲೇ.

ಅಜ್ಜಿಯನ್ನು ಯಾರೂ ಬೈಯಬೇಡಿ. ಅವರು ಮೊಮ್ಮಗಳು ಉಳಿಯಲಿ ಅಂತಲೇ ಇದ್ದಿಲು ಕುಟ್ಟಿದ್ದು. ತಟ್ಟೆಯ ಉಪ್ಪನ್ನು ನೋಡಿ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮುಂದ್ಕೆ ಹಂಗೇನಾದ್ರೂ ಆದ್ರೆ ಮೊದ್ಲು ಆಸ್ಪತ್ರೆಗೆ ಓಡಾಣ ಕಣ್ಲಾ" ಎಂದರು. ತಪ್ಪು ಶುರು ಆದದ್ದು ನನ್ನ ಕಂಪಾಸ್ ಬಾಕ್ಸಿನಿಂದ.

ಗೆಳೆಯರೇ, ನನ್ನ ಹಾಗೆ ಮಾತ್ರೆ ಉಳಿಸಿಟ್ಟವರು ನಮ್ಮ ತರಗತಿಯಲ್ಲೇ ಇನ್ನೂ ಇರಬಹುದು. ಇವತ್ತೇ ನಿಮ್ಮ ಚೀಲ, ಜೇಬು, ಕಂಪಾಸ್ ಬಾಕ್ಸ್ ನೋಡಿಕೊಳ್ಳಿ. ಸಿಕ್ಕಿದ್ದನ್ನು ಸಾರ್ ಮೇಜಿನ ಮೇಲೆ ಇಡಿ. ಅವರು ಬೈಯುವುದಿಲ್ಲ, ನಾನು ಕೇಳಿದ್ದೇನೆ.

ಬರವಣಿಗೆಯಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕೆಂದು ಕೋರುತ್ತೇನೆ.

ಇಂತಿ,
7ನೇ ತರಗತಿಯ ವಿದ್ಯಾರ್ಥಿ