ತೆರಿಗೆ ಪಾವತಿಗೆ ಕ್ರೆಡಿಟ್ ಕಾರ್ಡ್: ಅಂಕಗಳ ಲಾಭವೆಷ್ಟು, ದಿನಗಳ ಲಾಭವೆಷ್ಟು?

ಕ್ರೆಡಿಟ್ ಕಾರ್ಡಿನ ಮೂಲಕ ತೆರಿಗೆ ಪಾವತಿಸಿ ಬಹುಮಾನ ಅಂಕಗಳನ್ನು, ಅಂದರೆ ರಿವಾರ್ಡ್ ಪಾಯಿಂಟುಗಳನ್ನು, ಗಳಿಸಬಹುದೆಂಬ ಮಾತು ಈಚಿನ ವರ್ಷಗಳಲ್ಲಿ ವರ್ತಕರ ನಡುವೆ ಮೇಲಿಂದ ಮೇಲೆ ಕೇಳಿಬರುತ್ತಿದೆ. ತೆರಿಗೆಯು ಹೇಗಿದ್ದರೂ ಕಟ್ಟಲೇಬೇಕಾದ ಹಣ; ಅದರ ಮೇಲೆ ಏನಾದರೂ ಮರಳಿ ಬರುವುದಾದರೆ ಬಿಡುವುದೇಕೆ ಎಂಬ ವಾದವು ಮೇಲ್ನೋಟಕ್ಕೆ ಸರಿಯಾಗಿಯೇ ತೋರುತ್ತದೆ. ಆದರೆ ಈ ವ್ಯವಹಾರದಲ್ಲಿ ಅಂಕಗಳು ಒಂದು ಭಾಗ ಮಾತ್ರ. ಪಾವತಿಯ ಶುಲ್ಕ, ಬಡ್ಡಿಯಿಲ್ಲದೆ ದೊರೆಯುವ ದಿನಗಳು ಮತ್ತು ಬಿಲ್ ಬಾಕಿ ಉಳಿದರೆ ತೆರಬೇಕಾದ ದಂಡ ಇವೆಲ್ಲವನ್ನೂ ಒಟ್ಟಿಗೆ ತೂಗಿ ನೋಡದೆ ಲಾಭನಷ್ಟ ತಿಳಿಯದು. ಸಣ್ಣ ಉದ್ದಿಮೆದಾರರಿಗೆ ಅಂಕಗಳಿಗಿಂತ ದಿನಗಳೇ ಹೆಚ್ಚು ಬೆಲೆಯುಳ್ಳವು ಎಂಬುದನ್ನು ಲೆಕ್ಕಸಹಿತ ತೋರಿಸುವುದು ಈ ಲೇಖನದ ಉದ್ದೇಶ.

ಹಳೆ ಮದರಾಸು ರಸ್ತೆಯೂ ಹೊರ ವರ್ತುಲ ರಸ್ತೆಯೂ ಸಂಧಿಸುವ ಟಿನ್ ಫ್ಯಾಕ್ಟರಿಯ ಸುತ್ತಮುತ್ತ, ದೂರವಾಣಿನಗರದಿಂದ ಮಹದೇವಪುರ ಮತ್ತು ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದವರೆಗೆ, ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಸಣ್ಣ ಘಟಕಗಳೂ ಬಿಡಿಭಾಗ, ಹಾರ್ಡ್‌ವೇರ್ ಮುಂತಾದವುಗಳ ಅಂಗಡಿಗಳೂ ಇವೆ. ಇಂತಹ ಒಂದು ಘಟಕವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ವಿಷಯವನ್ನು ಪರಿಶೀಲಿಸೋಣ.

ಯಾವ ತೆರಿಗೆಗೆ ಕಾರ್ಡ್ ಸಲ್ಲುತ್ತದೆ?

ಆದಾಯ ತೆರಿಗೆ ಇಲಾಖೆಯ ಇ-ಪೇ ಟ್ಯಾಕ್ಸ್ ವ್ಯವಸ್ಥೆಯಲ್ಲಿ 'ಪೇಮೆಂಟ್ ಗೇಟ್‌ವೇ' ಎಂಬ ವಿಧಾನವನ್ನು ಆರಿಸಿಕೊಂಡರೆ ಮುಂಗಡ ತೆರಿಗೆಯನ್ನೂ ಸ್ವಯಂ ನಿರ್ಧರಣೆಯ ತೆರಿಗೆಯನ್ನೂ ಕಾರ್ಡಿನಿಂದ ಪಾವತಿಸಬಹುದು. ಜಿಎಸ್‌ಟಿ ಪೋರ್ಟಲ್‌ನಲ್ಲಿ ಕಾರ್ಡ್ ಮತ್ತು ಯುಪಿಐ ಮೂಲಕ ಪಾವತಿಸುವ ಸೌಲಭ್ಯವು 2024ರ ಜನವರಿಯಲ್ಲಿ ಮೊದಲು ಆಯ್ದ ರಾಜ್ಯಗಳಲ್ಲಿ ಆರಂಭವಾಯಿತು. ಹೀಗೆ ಕಟ್ಟಿದ ಹಣವು ಇತರ ಚಲನ್‌ಗಳ ಹಣದಂತೆಯೇ ವರ್ತಕನ ಎಲೆಕ್ಟ್ರಾನಿಕ್ ನಗದು ಲೆಡ್ಜರಿಗೆ ಜಮೆಯಾಗುತ್ತದೆ. ಅಲ್ಲಿಂದ ಜಿಎಸ್‌ಟಿಆರ್-3ಬಿ ವಿವರಣೆಯ ಮೂಲಕ ತೆರಿಗೆಗೆ ವಜಾ ಆಗುತ್ತದೆ. ಕಾರ್ಡಿಗೆ ಖರ್ಚು ಬಿದ್ದೂ ಲೆಡ್ಜರಿಗೆ ಹಣ ಬಾರದಿದ್ದಲ್ಲಿ ಪಿಎಂಟಿ-07 ನಮೂನೆಯಲ್ಲಿ ದೂರು ಸಲ್ಲಿಸಬೇಕು. ಇಂತಹ ತೊಡಕು ಬಗೆಹರಿಯಲು ಸಮಯ ಬೇಕಾದುದರಿಂದ ಗಡುವಿನ ದಿನದ ರಾತ್ರಿಯವರೆಗೆ ಕಾಯುವುದು ಉಚಿತವಲ್ಲ.

ಅಂಕಗಳ ನಿಜವಾದ ಬೆಲೆ

ಮೊದಲು ತಿಳಿಯಬೇಕಾದುದು ಶುಲ್ಕ. ತೆರಿಗೆಯನ್ನು ಕಾರ್ಡಿನಿಂದ ಕಟ್ಟುವಾಗ ಪಾವತಿಯ ಶುಲ್ಕವನ್ನು ಸರ್ಕಾರ ಭರಿಸುವುದಿಲ್ಲ, ತೆರಿಗೆದಾರನೇ ತೆರಬೇಕು. ಅದರ ದರ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾಗಿದ್ದು, ಹಣ ಸಂದಾಯವಾಗುವ ಮುನ್ನ ಪರದೆಯ ಮೇಲೆ ಕಾಣಿಸುತ್ತದೆ. ಲೆಕ್ಕದ ಅನುಕೂಲಕ್ಕಾಗಿ ಶೇ. 1 ಎಂದು ಹಿಡಿದರೆ, ಶೇ. 18ರ ಜಿಎಸ್‌ಟಿ ಸೇರಿ ರೂ. 1,00,000 ತೆರಿಗೆಗೆ ರೂ. 1,180 ಶುಲ್ಕವಾಗುತ್ತದೆ.

ಎರಡನೆಯದು, ತೆರಿಗೆಗೆ ಅಂಕ ದೊರೆಯುವುದೇ ಇಲ್ಲವೇ ಎಂಬ ಪ್ರಶ್ನೆ. ಪ್ರತಿಯೊಂದು ಕಾರ್ಡ್ ವ್ಯವಹಾರಕ್ಕೂ ಹಣ ಪಡೆಯುವವರ ಉದ್ಯೋಗವನ್ನು ಸೂಚಿಸುವ ನಾಲ್ಕು ಅಂಕಿಗಳ ಸಂಕೇತವೊಂದಿರುತ್ತದೆ. ತೆರಿಗೆ ಪಾವತಿಗೆ 9311, ಇತರ ಸರ್ಕಾರಿ ಸೇವೆಗಳಿಗೆ 9399 ಎಂಬ ಸಂಕೇತಗಳಿವೆ. ಹಲವು ಬ್ಯಾಂಕುಗಳು ಈ ಸಂಕೇತಗಳನ್ನು ಅಂಕಗಳ ಪಟ್ಟಿಯಿಂದ ಹೊರಗಿಟ್ಟಿವೆ. ನಿದರ್ಶನಕ್ಕೆ, ಎಸ್‌ಬಿಐ ಕಾರ್ಡ್ ಸಂಸ್ಥೆಯು 2024ರ ಜೂನ್‌ನಿಂದ ತನ್ನ ಅನೇಕ ಕಾರ್ಡುಗಳಲ್ಲಿ ಸರ್ಕಾರಿ ಪಾವತಿಗಳಿಗೆ ಅಂಕ ನೀಡುವುದನ್ನು ನಿಲ್ಲಿಸಿತು. ಉದ್ದಿಮೆದಾರರಿಗೆಂದೇ ನೀಡುವ ಕೆಲವು ಬಿಸಿನೆಸ್ ಕಾರ್ಡುಗಳಲ್ಲಿ ಮಾತ್ರ ತೆರಿಗೆಗೂ ಅಂಕಗಳುಂಟು; ಅವುಗಳಿಗೂ ತಿಂಗಳ ಮಿತಿಯಿರಬಹುದು. ಆದುದರಿಂದ ಮಾರಾಟ ಪ್ರತಿನಿಧಿಯ ಮಾತನ್ನು ನೆಚ್ಚದೆ, ಬ್ಯಾಂಕು ಪ್ರಕಟಿಸುವ ಅತಿಮುಖ್ಯ ನಿಯಮಗಳು ಮತ್ತು ಷರತ್ತುಗಳ ಪತ್ರವನ್ನು ಓದತಕ್ಕದ್ದು. ಮೊದಲೊಮ್ಮೆ ಸಣ್ಣ ಮೊತ್ತವನ್ನು ಕಟ್ಟಿ, ಮುಂದಿನ ಬಿಲ್ಲಿನಲ್ಲಿ ಅಂಕ ಬಂದಿದೆಯೇ ಎಂದು ನೋಡಿಕೊಳ್ಳುವುದು ಇನ್ನೂ ಭದ್ರವಾದ ಮಾರ್ಗ.

ಮೂರನೆಯದು, ಒಂದು ಅಂಕಕ್ಕೆ ಎಷ್ಟು ಪೈಸೆ? 100 ರೂಪಾಯಿಗೆ 2 ಅಂಕ ಎಂಬ ಜಾಹೀರಾತು ಶೇ. 2 ಎಂಬ ಭಾವನೆ ಹುಟ್ಟಿಸುತ್ತದೆ. ಒಂದು ಅಂಕದ ಬೆಲೆ 25 ಪೈಸೆಯಾದರೆ ನಿಜವಾದ ಲಾಭ ಶೇ. ಅರ್ಧ ಮಾತ್ರ, ಶುಲ್ಕದ ಅರ್ಧವೂ ಅದರಿಂದ ಹುಟ್ಟದು. ಅಂಕಗಳನ್ನು ಬಿಲ್ಲಿಗೆ ವಜಾ ಮಾಡಿಸಿಕೊಂಡರೆ ಒಂದು ಬೆಲೆ, ವಿಮಾನದ ಟಿಕೆಟ್ಟಿಗೆ ಬಳಸಿದರೆ ಮತ್ತೊಂದು ಬೆಲೆ ಇರುವುದುಂಟು. ವಿಮಾನ ಹತ್ತದ ವ್ಯಾಪಾರಿಗೆ ಎರಡನೆಯ ಬೆಲೆಯಿಂದ ಪ್ರಯೋಜನವಿಲ್ಲ.

ದಿನಗಳ ಬೆಲೆ

ಈಗ ನಮ್ಮ ಉದಾಹರಣೆಯ ಘಟಕಕ್ಕೆ ಬರೋಣ. ಟಿನ್ ಫ್ಯಾಕ್ಟರಿ ಸಮೀಪದ ಈ ಲೇತ್ ಘಟಕವು ಮೇ 25ರಂದು ದೊಡ್ಡ ಕಾರ್ಖಾನೆಯೊಂದಕ್ಕೆ ಮಾಲು ಕಳುಹಿಸಿ ಬಿಲ್ ಮಾಡಿದೆಯೆಂದು ಭಾವಿಸೋಣ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯಿದೆಯ ಪ್ರಕಾರ ಒಪ್ಪಂದವಿದ್ದರೂ ಖರೀದಿದಾರನು 45 ದಿನಗಳನ್ನು ಮೀರುವಂತಿಲ್ಲ. ಆ ಲೆಕ್ಕದಲ್ಲಿ ಹಣ ಬರುವುದು ಜುಲೈ 9ಕ್ಕೆ. ಆದರೆ ಮೇ ತಿಂಗಳ ಜಿಎಸ್‌ಟಿ ಕಟ್ಟಲು ಕಡೆಯ ದಿನ ಜೂನ್ 20. ಖರೀದಿದಾರನು ಹಣ ಕೊಟ್ಟಿರಲಿ ಬಿಡಲಿ, ತೆರಿಗೆಗೆ ಕಾಯುವಿಕೆ ಇಲ್ಲ. ಸಣ್ಣ ಘಟಕಗಳ ದುಡಿಮೆ ಬಂಡವಾಳ ಸಿಕ್ಕಿಬೀಳುವುದು ಈ 19 ದಿನಗಳಲ್ಲಿಯೇ.

ಘಟಕದ ಮಾಲೀಕರ ಕಾರ್ಡಿನ ಬಿಲ್ ಪ್ರತಿ ತಿಂಗಳು 18ರಂದು ಸಿದ್ಧವಾಗಿ, ಅಲ್ಲಿಂದ 20 ದಿನಗಳ ಅವಧಿ ದೊರೆಯುತ್ತದೆ ಎಂದುಕೊಳ್ಳೋಣ. ತೆರಿಗೆಯನ್ನು ಜೂನ್ 17ರಂದು ಕಟ್ಟಿದರೆ ಅದು ಮರುದಿನದ ಬಿಲ್ಲಿಗೇ ಸೇರಿ ಜುಲೈ 8ಕ್ಕೆ ಹಣ ತೆರಬೇಕಾಗುತ್ತದೆ. ಅಂದರೆ 21 ದಿನ. ಖರೀದಿದಾರನ ಹಣ ಬರುವುದು ಅದರ ಮರುದಿನ! ಅದೇ ತೆರಿಗೆಯನ್ನು ಜೂನ್ 19ರಂದು ಕಟ್ಟಿದರೆ ಜುಲೈ 18ರ ಬಿಲ್ಲಿಗೆ ಸೇರಿ ಆಗಸ್ಟ್ 7ರವರೆಗೆ, ಅಂದರೆ 49 ದಿನಗಳ ಅವಕಾಶ ದೊರೆಯುತ್ತದೆ. ಎರಡು ದಿನಗಳ ವ್ಯತ್ಯಾಸದಿಂದ 28 ದಿನಗಳ ಲಾಭ. ಬಿಲ್ಲಿನ ದಿನ ಅನುಕೂಲವಾಗಿಲ್ಲದಿದ್ದರೆ ಅದನ್ನು ಕನಿಷ್ಠ ಒಮ್ಮೆ ಬದಲಿಸಿಕೊಳ್ಳುವ ಅವಕಾಶವನ್ನು ಕಾರ್ಡುದಾರರಿಗೆ ನೀಡಬೇಕೆಂದು ರಿಸರ್ವ್ ಬ್ಯಾಂಕು 2024ರ ಮಾರ್ಚ್‌ನಲ್ಲಿ ಸೂಚಿಸಿದೆ. ಈ ಹಕ್ಕನ್ನು ಬಳಸಿಕೊಂಡು ಬಿಲ್ಲಿನ ದಿನವು ತೆರಿಗೆಯ ಗಡುವಿಗೆ ಎರಡು ಮೂರು ದಿನ ಮುಂಚಿತವಾಗಿ ಬರುವಂತೆ ಮಾಡಿಕೊಳ್ಳಬಹುದು.

ಲಾಭನಷ್ಟದ ಲೆಕ್ಕ

ತೆರಿಗೆ ರೂ. 1,00,000, ಶುಲ್ಕ ರೂ. 1,180, ಘಟಕದ ಓವರ್‌ಡ್ರಾಫ್ಟ್ ಸಾಲದ ಬಡ್ಡಿ ವಾರ್ಷಿಕ ಶೇ. 10.5 ಎಂದು ಹಿಡಿದರೆ ಫಲಿತಾಂಶಗಳು ಹೀಗಿವೆ:

(ಅ) 49 ದಿನ ಅವಧಿ, ಶೇ. 1 ಬೆಲೆಯ ಅಂಕ: ಉಳಿದ ಬಡ್ಡಿ ರೂ. 1,410, ಅಂಕ ರೂ. 1,000, ಶುಲ್ಕ ಕಳೆದು ಲಾಭ ರೂ. 1,230.

(ಆ) 49 ದಿನ ಅವಧಿ, ಅಂಕವಿಲ್ಲ: ಲಾಭ ರೂ. 230.

(ಇ) 21 ದಿನ ಅವಧಿ, ಅಂಕವಿಲ್ಲ: ಉಳಿದ ಬಡ್ಡಿ ರೂ. 604, ನಷ್ಟ ರೂ. 576.

(ಈ) ಸಾಲವಿಲ್ಲದೆ ಚಾಲ್ತಿ ಖಾತೆಯಲ್ಲಿ ಹಣವಿರುವ ವರ್ತಕ, ಶೇ. 1 ಬೆಲೆಯ ಅಂಕ: ಬಡ್ಡಿಯ ಉಳಿತಾಯವಿಲ್ಲ, ನಷ್ಟ ರೂ. 180.

ಕಡೆಯ ಸಾಲು ಗಮನಾರ್ಹ. ಕೈಯಲ್ಲಿ ಹಣವಿದ್ದು, ಕೇವಲ ಅಂಕಗಳಿಗಾಗಿ ಕಾರ್ಡ್ ಬಳಸುವವರು ಶೇ. 1ರಷ್ಟು ಅಂಕ ಬಂದರೂ ನಷ್ಟವನ್ನೇ ಅನುಭವಿಸುತ್ತಾರೆ. ಸಾಲದ ಖಾತೆಯಲ್ಲಿ ವ್ಯವಹಾರ ನಡೆಸುವವರಿಗೆ ಅಂಕವೇ ಇಲ್ಲದಿದ್ದರೂ, ದಿನವನ್ನು ಸರಿಯಾಗಿ ಆರಿಸಿಕೊಂಡರೆ, ನಷ್ಟವಿಲ್ಲ.

ಬಾಕಿ ಉಳಿದರೆ

ಈ ಎಲ್ಲ ಲೆಕ್ಕವೂ ಕಾರ್ಡಿನ ಬಿಲ್ಲನ್ನು ಪೂರ್ತಿಯಾಗಿ, ಗಡುವಿನೊಳಗೆ ತೀರಿಸಿದಲ್ಲಿ ಮಾತ್ರ ಸತ್ಯ. ಬಿಲ್ಲಿನಲ್ಲಿ ಕಾಣುವ 'ಕನಿಷ್ಠ ಮೊತ್ತ'ವನ್ನು ಮಾತ್ರ ಕಟ್ಟಿದರೆ ತಡದ ದಂಡ ತಪ್ಪೀತು, ಬಡ್ಡಿ ತಪ್ಪದು. ಬಡ್ಡಿಯಿಲ್ಲದ ಅವಧಿಯೇ ರದ್ದಾಗಿ, ಪಾವತಿಸಿದ ದಿನದಿಂದಲೇ ಬಡ್ಡಿ ಬೆಳೆಯುತ್ತದೆ. ತಿಂಗಳಿಗೆ ಶೇ. 3.5 ಎಂದರೆ ವರ್ಷಕ್ಕೆ ಶೇ. 42. ನಮ್ಮ ಉದಾಹರಣೆಯಲ್ಲಿ ಒಂದು ಲಕ್ಷದ ಬಿಲ್ ಪೂರ್ತಿ ಬಾಕಿಯಾಗಿ ಗಡುವಿನ ನಂತರ ಇನ್ನೂ 30 ದಿನ ಉಳಿದರೆ, 79 ದಿನಗಳ ಬಡ್ಡಿ ರೂ. 9,090, ಅದರ ಮೇಲಿನ ಜಿಎಸ್‌ಟಿ ರೂ. 1,636, ಒಟ್ಟು ಸುಮಾರು ರೂ. 10,700, ತಡದ ದಂಡ ಬೇರೆ. ಹತ್ತು ತಿಂಗಳ ಅಂಕಗಳು ಒಂದೇ ತಪ್ಪಿನಲ್ಲಿ ಕರಗಿಹೋದಂತೆ. ಕಾರ್ಡಿನ ಬಡ್ಡಿಯನ್ನು ಶೇ. 30ಕ್ಕೆ ಮಿತಿಗೊಳಿಸಿದ್ದ ರಾಷ್ಟ್ರೀಯ ಗ್ರಾಹಕ ಆಯೋಗದ 2008ರ ಆದೇಶವನ್ನು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್‌ನಲ್ಲಿ ರದ್ದುಪಡಿಸಿರುವುದನ್ನೂ ಇಲ್ಲಿ ನೆನೆಯಬೇಕು.

ಹಾಗೆಂದು ಹಣವಿಲ್ಲವೆಂದು ಜಿಎಸ್‌ಟಿಯನ್ನೇ ತಡಮಾಡುವುದೂ ಜಾಣತನವಲ್ಲ. ವರ್ಷಕ್ಕೆ ಶೇ. 18ರಂತೆ ಒಂದು ಲಕ್ಷಕ್ಕೆ 30 ದಿನದ ಬಡ್ಡಿ ರೂ. 1,479, ದಿನಕ್ಕೆ ರೂ. 50ರಂತೆ ತಡದ ಶುಲ್ಕ ರೂ. 1,500, ಒಟ್ಟು ರೂ. 2,979. ಇದಕ್ಕಿಂತ ದೊಡ್ಡ ಹಾನಿ ಬೇರೊಂದಿದೆ. ಹಿಂದಿನ ತಿಂಗಳ 3ಬಿ ಸಲ್ಲಿಸದವರಿಗೆ ಮುಂದಿನ ಜಿಎಸ್‌ಟಿಆರ್-1 ಸಲ್ಲಿಸಲು ಪೋರ್ಟಲ್ ಅವಕಾಶ ಕೊಡುವುದಿಲ್ಲ. ಆಗ ಖರೀದಿದಾರನಿಗೆ ಹೂಡುವಳಿ ತೆರಿಗೆಯ ಜಮೆ ದೊರೆಯದೆ, ಆತ ಹಣವನ್ನೇ ತಡೆಹಿಡಿಯುವ ಸಂಭವವಿದೆ. ಬರುವ ಹಣ ಖಚಿತವಾಗಿದ್ದು ಕೆಲವು ದಿನ ಮಾತ್ರ ತಡವೆಂದಾದರೆ, ರೂ. 1,180 ಶುಲ್ಕ ತೆತ್ತು ಕಾರ್ಡಿನಲ್ಲಿ ಕಟ್ಟುವುದೇ ಲೇಸು. ಬರುವ ಹಣವೇ ಅನುಮಾನವಾಗಿದ್ದರೆ ಕಾರ್ಡಿಗಿಂತ ಬ್ಯಾಂಕಿನ ಸಾಲವೇ ಅಗ್ಗ.

ಮುಂಗಡ ತೆರಿಗೆ ಮತ್ತು ಆಸ್ತಿ ತೆರಿಗೆ

ಮುಂಗಡ ತೆರಿಗೆಯ ಕಂತುಗಳು ಜೂನ್, ಸೆಪ್ಟೆಂಬರ್, ಡಿಸೆಂಬರ್ ಮತ್ತು ಮಾರ್ಚ್ ತಿಂಗಳ 15ನೇ ತಾರೀಖಿಗೆ ಬರುತ್ತವೆ. ತಡವಾದರೆ ತಿಂಗಳಿಗೆ ಶೇ. 1 ಬಡ್ಡಿ. ಜೂನ್ ತಿಂಗಳಲ್ಲಿ 15ಕ್ಕೆ ಆದಾಯ ತೆರಿಗೆ, 20ಕ್ಕೆ ಜಿಎಸ್‌ಟಿ ಎರಡೂ ಒಟ್ಟಿಗೆ ಬೀಳುವುದರಿಂದ ಕಾರ್ಡಿನ ಮಿತಿಯನ್ನು ಮೊದಲೇ ನೋಡಿಕೊಳ್ಳಬೇಕು. ಅಂಕಗಳ ಆಸೆಗೆ ಹೆಚ್ಚು ಮುಂಗಡ ತೆರಿಗೆ ಕಟ್ಟಿ ಮರುಪಾವತಿ ಪಡೆಯುವ ಉಪಾಯವನ್ನು ಕೆಲವರು ಹೇಳುವುದುಂಟು. ಶುಲ್ಕವಂತೂ ಮರಳಿ ಬಾರದು. ಹಣವೂ ತಿಂಗಳುಗಟ್ಟಲೆ ಇಲಾಖೆಯಲ್ಲಿ ಉಳಿಯುತ್ತದೆ.

ಆಸ್ತಿ ತೆರಿಗೆಯ ವಿಷಯವು ಬೇರೆ. 2007ರಲ್ಲಿ ಕೃಷ್ಣರಾಜಪುರ ಮತ್ತು ಮಹದೇವಪುರ ನಗರಸಭೆಗಳು ಬಿಬಿಎಂಪಿಗೆ ಸೇರಿದವು; 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಸ್ಥಾನದಲ್ಲಿ ಐದು ನಗರ ಪಾಲಿಕೆಗಳು ಬಂದಾಗ ಈ ಭಾಗವು ಬೆಂಗಳೂರು ಪೂರ್ವ ನಗರ ಪಾಲಿಕೆಗೆ ಸೇರಿತು. ಬಿಬಿಎಂಪಿಯ ಕಾಲದಲ್ಲಿ ಇಡೀ ವರ್ಷದ ತೆರಿಗೆಯನ್ನು ಏಪ್ರಿಲ್‌ನಲ್ಲಿ ಒಮ್ಮೆಗೇ ಕಟ್ಟಿದವರಿಗೆ ಶೇ. 5 ರಿಯಾಯಿತಿ ಇತ್ತು. ತೆರಿಗೆ ರೂ. 60,000 ಎಂದಾದರೆ ರಿಯಾಯಿತಿ ರೂ. 3,000, ಶೇ. 1ರ ಕಾರ್ಡ್ ಶುಲ್ಕ ಜಿಎಸ್‌ಟಿ ಸೇರಿ ರೂ. 708 ಮಾತ್ರ. ಯಾವ ಅಂಕವೂ ಇಂತಹ ರಿಯಾಯಿತಿಗೆ ಸಮನಾಗದು. ಆದುದರಿಂದ ಪಾಲಿಕೆಯ ಆಯಾ ವರ್ಷದ ಪ್ರಕಟಣೆಯನ್ನು ಮಾರ್ಚ್ ಅಂತ್ಯದಲ್ಲಿಯೇ ನೋಡಿಟ್ಟುಕೊಳ್ಳತಕ್ಕದ್ದು.

ಲೆಕ್ಕಪುಸ್ತಕದ ಶಿಸ್ತು

ಕಂಪನಿಯ ತೆರಿಗೆಯನ್ನು ನಿರ್ದೇಶಕರ ಸ್ವಂತ ಕಾರ್ಡಿನಿಂದ ಕಟ್ಟಿದರೆ ಅದು ಕಂಪನಿಗೆ ಕೊಟ್ಟ ಸಾಲವಾಗುತ್ತದೆ. ಅದೇ ದಿನ ಪುಸ್ತಕದಲ್ಲಿ ನಮೂದಾಗಬೇಕು. ಪಾಲುದಾರಿಕೆಯಲ್ಲಿ ಯಾರ ಕಾರ್ಡ್, ಅಂಕಗಳು ಯಾರಿಗೆ ಎಂಬುದನ್ನು ಮೊದಲೇ ಬರೆದಿಟ್ಟರೆ ಮುಂದೆ ಮನಸ್ತಾಪಕ್ಕೆ ಎಡೆಯಿಲ್ಲ. ನೆಂಟರಿಷ್ಟರ ತೆರಿಗೆಯನ್ನು ತಮ್ಮ ಕಾರ್ಡಿನಲ್ಲಿ ಕಟ್ಟಿ, ಅವರಿಂದ ನಗದು ಪಡೆಯುವ ಪದ್ಧತಿಯಂತೂ ಸರ್ವಥಾ ಕೂಡದು. ವರ್ಷಕ್ಕೆ ರೂ. 10 ಲಕ್ಷ ಅಥವಾ ಮೇಲ್ಪಟ್ಟ ಕಾರ್ಡ್ ಬಿಲ್ ಪಾವತಿ, ನಗದಾದರೆ ರೂ. 1 ಲಕ್ಷ, ಬ್ಯಾಂಕಿನಿಂದ ಆದಾಯ ತೆರಿಗೆ ಇಲಾಖೆಗೆ ವರದಿಯಾಗುತ್ತದೆ. 2025ರ ಜುಲೈನಲ್ಲಿ ಯುಪಿಐ ಜಮೆಗಳ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದ ಪ್ರಸಂಗವನ್ನು ನಮ್ಮ ವರ್ತಕರು ಮರೆತಿಲ್ಲ. ಗಣಕಯಂತ್ರದ ದಾಖಲೆಗೆ ವಿವರಣೆ ಕೊಡಲು ನಮ್ಮ ಪುಸ್ತಕವೂ ಸಿದ್ಧವಿರಬೇಕು.

ಸಾರಾಂಶ

1. ಪರದೆಯ ಮೇಲೆ ಕಾಣುವ ಶುಲ್ಕವನ್ನು ಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಿ.

2. ತೆರಿಗೆಗೆ ಅಂಕ ಉಂಟೇ, ಅದರ ಬೆಲೆ ರೂಪಾಯಿಯಲ್ಲಿ ಎಷ್ಟು, ತಿಂಗಳ ಮಿತಿ ಏನು ಎಂಬುದನ್ನು ಬರಹದಲ್ಲಿ ಖಚಿತಪಡಿಸಿಕೊಳ್ಳಿ.

3. ಬಿಲ್ಲಿನ ದಿನ ಕಳೆದ ಮೇಲೆ, ಆದರೆ ತೆರಿಗೆಯ ಗಡುವಿಗೆ ಕನಿಷ್ಠ ಒಂದು ದಿನ ಮೊದಲು ಪಾವತಿಸಿ.

4. ಕಾರ್ಡಿನ ಬಿಲ್ ತೀರಿಸುವ ಹಣ ಎಲ್ಲಿಂದ, ಯಾವ ದಿನ ಬರುವುದೆಂದು ಹೇಳಲಾಗದಿದ್ದರೆ ಕಾರ್ಡನ್ನು ಮುಟ್ಟಬೇಡಿ.

5. ಬಿಲ್ಲಿನ ಪೂರ್ತಿ ಮೊತ್ತವು ಗಡುವಿನಂದು ಬ್ಯಾಂಕ್ ಖಾತೆಯಿಂದ ತಾನಾಗಿಯೇ ಸಂದಾಯವಾಗುವಂತೆ ಸೂಚನೆ ಕೊಟ್ಟಿಡಿ.

ಬಹುಮಾನ ಅಂಕಗಳು ಹೆಚ್ಚೆಂದರೆ ಶುಲ್ಕದ ಭಾರವನ್ನು ಇಳಿಸುವ ಸಾಧನ. ಸಣ್ಣ ಉದ್ದಿಮೆಗೆ ಉಸಿರಾಡಲು ಬಿಡುವು ಕೊಡುವುದು ಆ 49 ದಿನಗಳು. ಆ ಬಿಡುವನ್ನು ಸಾಲವಾಗಿ ಬೆಳೆಯಗೊಡದೆ ಬಳಸಿಕೊಳ್ಳುವವರಿಗೆ ಮಾತ್ರ ಈ ಸೌಲಭ್ಯ ಉಪಯುಕ್ತ.